ಏಳನೇ ಸಾಲಿನ ಮೇಲೆ ಬೆರಳು

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಒಂದು ಕನ್ನಡಕದ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಮೆಟ್ಟಿಲು ಎಷ್ಟು ಕಡಿದೆಂದರೆ ಹತ್ತಿ ಬರುವಷ್ಟರಲ್ಲಿ ಅರ್ಧ ಜನರ ಧೈರ್ಯ ಉಡುಗಿಹೋಗುತ್ತದೆ. ಉಳಿದರ್ಧ ಜನ ಬಂದು ಕುರ್ಚಿಯಲ್ಲಿ ಕೂತು ಕಿವಿಯನ್ನೋ ಹುಬ್ಬನ್ನೋ ತುಟಿಯನ್ನೋ ನಾಲಿಗೆಯನ್ನೋ ಮುಂದೆ ಚಾಚುತ್ತಾರೆ. ಹದಿನಾರು ವರ್ಷದಿಂದ ಇವನ್ನೆಲ್ಲ ಚುಚ್ಚುತ್ತಾ ಬಂದವಳನ್ನು ಇಡೀ ಬೀದಿ ಸೂಜಿಯಕ್ಕ ಎಂದೇ ಕರೆಯುತ್ತದೆ. ಒಮ್ಮೆ ಬ್ಯಾಂಕಿನಲ್ಲೂ ಹಾಗೇ ಕೂಗಿದರಂತೆ. ಅವಳು ಏನೂ ಅಂದುಕೊಳ್ಳದೆ ಎದ್ದು ಹೋಗಿ ಸಹಿ ಹಾಕಿದಳಂತೆ.

ಸೂಜಿಯಕ್ಕ ಮೊದಲಿನಿಂದಲೂ ಈ ಕಸುಬಿನವಳಲ್ಲ. ಹದಿನೆಂಟಕ್ಕೆ ಚಪ್ಪಲಿ ಕಾರ್ಖಾನೆ ಸೇರಿ ದಿನವಿಡೀ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದಳು. ಕಾರ್ಖಾನೆ ಮುಚ್ಚಿದಾಗ ಒಂದು ಫ್ಯಾನ್ಸಿ ಸ್ಟೋರಿನವರು ಪಿಸ್ತೂಲಿನಂಥ ಒಂದು ಸಾಧನ ಕೈಗೆ ಕೊಟ್ಟು, ಬಂದವರ ಕಿವಿಗೆ ಟಕ್ ಅನ್ನಿಸು ಅಂದರು. ಟಕ್ ಅನ್ನಿಸಿದಳು. ಏಳು ತಿಂಗಳು ಕಳೆಯುವಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿಯ ಕಿವಿ ಕೀವು ತುಂಬಿ ಊದಿಕೊಂಡಿತು. ಸ್ಟೋರಿನ ಮಾಲೀಕ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂದು ಕೈತೊಳೆದುಕೊಂಡ. ಇವಳಿಗೆ ಅದು ಬರಲಿಲ್ಲ. ಆ ಹುಡುಗಿಯನ್ನು ಕರೆದುಕೊಂಡು, ಡಾಕ್ಟರಿಗೆ ತೋರಿಸಲೆಂದು ಪಿಸ್ತೂಲನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋದಳು.

ಅಲ್ಲಿ ಪಡಸಾಲೆಯಲ್ಲಿ ಸ್ಟೀಲಿನ ತಳ್ಳುಗಾಡಿ ತಳ್ಳಿಕೊಂಡು ಬರುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಇವಳ ಕೈಯಲ್ಲಿದ್ದುದನ್ನು ನೋಡಿ ನಿಂತಳು.

"ಇದನ್ನ ಯಾವುದರಲ್ಲಿ ತೊಳೀತೀಯ?"

"ತೊಳೆಯಲ್ಲ. ಸ್ಪಿರಿಟ್ ಹತ್ತೀಲಿ ಒರೆಸ್ತೀನಿ."

"ಅದರಲ್ಲಿ ನಿನ್ನ ಮುಖ ಒರೆಸ್ಕೋ. ಇದರೊಳಗೆ ರಕ್ತ ಸಿಕ್ಕೊಂಡಿರುತ್ತೆ, ಗೊತ್ತಾ? ಒಬ್ಬರ ಕಿವಿದು ಇನ್ನೊಬ್ಬರ ಕಿವಿಗೆ ಹಂಚ್ತಾ ಇದ್ದೀಯ."

ಆಸ್ಪತ್ರೆಯ ಸಲಕರಣೆ ತೊಳೆಯುವ ಕೋಣೆಗೆ ಅವಳೇ ಹಿರಿಯಾಳು. ಎಲ್ಲರ ಬಾಯಲ್ಲೂ ದೊಡ್ಡಕ್ಕ. ಅವಳು ಬೈದದ್ದು ಸೂಜಿಯಕ್ಕನಿಗೆ ಹಿಡಿಸಿತು. ಅಷ್ಟು ಬೈಯುವ ಕಾಳಜಿ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ. ವರ್ಷದೊಳಗೆ ಇಬ್ಬರೂ ಸೇರಿ ಈ ಎರಡು ಕೋಣೆ ಹಿಡಿದರು. ಮುಂದಿನ ಕೋಣೆ, ಕುರ್ಚಿ, ಸೂಜಿ ಇವಳದು. ಹಿಂದಿನ ಕೋಣೆ, ಸಿಂಕು, ಉಗಿಯ ಮೆಷೀನು ದೊಡ್ಡಕ್ಕನದು. ಸೂಜಿಗಳೇನೋ ಕಾರ್ಖಾನೆಯಿಂದಲೇ ಮುಚ್ಚಿದ ಪೊಟ್ಟಣದಲ್ಲಿ ಬರುತ್ತವೆ, ಒಬ್ಬರಿಗೆ ಒಂದು, ಮುಗಿದ ಮೇಲೆ ಡಬ್ಬಿಗೆ. ಆದರೆ ನಾಲಿಗೆಯನ್ನು ಹಿಡಿದೆಳೆಯುವ ಇಕ್ಕಳ ಒಬ್ಬರಿಂದ ಒಬ್ಬರಿಗೆ ಹೋಗುವಂಥದ್ದು. ತೂತಿನಲ್ಲಿ ಕೂರುವ ಕಡ್ಡಿಯೂ ಮೈಯೊಳಗೆ ಉಳಿಯುವಂಥದ್ದು. ಇವೆರಡನ್ನೂ ಉಜ್ಜಿ, ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಅಂಟಿಸಿ ಮೆಷೀನಿನೊಳಗೆ ಇಡಬೇಕು. ಜೊತೆಗೆ, ತಟ್ಟೆಯ ನಡುಮಧ್ಯೆ ಒಂದು ಪರೀಕ್ಷೆ ಚೀಟಿ. ಉಗಿ ಎಲ್ಲ ಕಡೆ ನುಗ್ಗಿ, ಬೇಕಾದಷ್ಟು ಹೊತ್ತು ನಿಂತರೆ ಮಾತ್ರ ಚೀಟಿಯ ಗೀಟು ಕೊನೆಯ ಚೌಕದವರೆಗೂ ಕಪ್ಪಾಗುತ್ತದೆ. ಪುಸ್ತಕದಲ್ಲಿ ತಾರೀಖು ಬರೆದು ಪಕ್ಕದಲ್ಲಿ ಆ ಚೀಟಿಯನ್ನು ಅಂಟಿಸಬೇಕು. ಕಪ್ಪಾಗದಿದ್ದರೆ ಅವತ್ತಿನ ಪೊಟ್ಟಣ ಒಂದನ್ನೂ ಮುಟ್ಟುವಂತಿಲ್ಲ.

ಇದನ್ನೆಲ್ಲ ಕಲಿಸಿದವಳು ದೊಡ್ಡಕ್ಕ. ತಟ್ಟೆಯಲ್ಲಿ ಪೊಟ್ಟಣಗಳನ್ನು ಒಂದರ ಮೇಲೊಂದು ಹೇರಬೇಡ, ಉಗಿಗೂ ಉಸಿರಾಡೋಕೆ ಜಾಗ ಬೇಕು ಅಂತ ಸೂಜಿಯಕ್ಕನ ಕೈಮೇಲೆ ಹೊಡೆದು ಕಲಿಸಿದವಳೂ ಅವಳೇ. ಸೂಜಿಯಕ್ಕನಿಗೆ ಹೊಟ್ಟೆಯ ಆಪರೇಷನ್ ಆದಾಗ ಗಂಡ ಎರಡು ದಿನಕ್ಕೇ ಸುಸ್ತಾಗಿ ಮನೆಗೆ ಹೋದ. ದೊಡ್ಡಕ್ಕ ಒಂಬತ್ತು ದಿನ ಹಾಸಿಗೆ ಪಕ್ಕ ಕೂತಿದ್ದಳು. ಹದಿನಾರು ವರ್ಷ ಇಬ್ಬರೂ ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಂಡರು. ಸ್ವಂತ ಅಕ್ಕ ಇದ್ದಿದ್ದರೆ ಇಷ್ಟು ಮಾಡುತ್ತಿರಲಿಲ್ಲ ಎಂದು ಸೂಜಿಯಕ್ಕ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಹೇಳಿ ಹೇಳಿ ಅವಳ ಸ್ವಂತ ಅಕ್ಕ ಎರಡು ವರ್ಷ ಮಾತು ಬಿಟ್ಟಿದ್ದಳು.

ಅಂಗಡಿಯಲ್ಲಿ ಒಂದು ಹಾಳೆ ಇತ್ತು. ಚುಚ್ಚಿಸಿಕೊಂಡವರು ಮನೆಗೆ ಒಯ್ಯಬೇಕಾದದ್ದು, ಹನ್ನೆರಡು ಸಾಲು, ಕೆಳಗೆ ಸಹಿ. ನಾಲಿಗೆ ಮೊದಲ ಮೂರು ನಾಲ್ಕು ದಿನ ಊದುತ್ತದೆ, ಅದಕ್ಕೇ ಉದ್ದ ಕಡ್ಡಿ ಹಾಕಿದ್ದೇವೆ, ಹೆದರಬೇಡಿ, ಮಂಜುಗಡ್ಡೆ ಚೀಪಿ. ಮೂರು ವಾರಕ್ಕೆ ಬಂದು ಗಿಡ್ಡ ಕಡ್ಡಿ ಹಾಕಿಸಿಕೊಳ್ಳಿ, ಇಲ್ಲವಾದರೆ ಉದ್ದ ಕಡ್ಡಿ ಬಡಿದು ಬಡಿದು ಹಲ್ಲು ಚೂರೇಳುತ್ತದೆ, ಒಸಡು ಸವೆಯುತ್ತದೆ. ಏನಾದರೂ ತಿಂದ ಕೂಡಲೇ ಆಲ್ಕೋಹಾಲ್ ಇಲ್ಲದ ಮೌತ್‌ವಾಶಿನಿಂದಲೋ ತಿಳಿಯಾದ ಉಪ್ಪುನೀರಿನಿಂದಲೋ ಬಾಯಿ ಮುಕ್ಕಳಿಸಿ. ಬ್ರಶ್ಶು ಹೊಸದಿರಲಿ, ಮೆತ್ತಗಿರಲಿ. ಬಿಸಿ, ಖಾರ, ಸಿಗರೇಟು, ಮದ್ಯ ಬೇಡ. ಮುತ್ತು ಬೇಡ. ಈ ಸಾಲು ಓದುವಾಗ ಸೂಜಿಯಕ್ಕ ದನಿ ಏರಿಸಿ, ಜೊತೆಗೆ ಬಂದವನ ಮುಖ ನೋಡುತ್ತಿದ್ದಳು. ಏಳನೆಯದು, ಕಡ್ಡಿಯನ್ನು ಬೆರಳಿನಿಂದ ಮುಟ್ಟಬೇಡಿ, ಆಡಿಸಬೇಡಿ. ಕಡ್ಡಿಯ ತುದಿಯ ಗುಂಡು ಬಿಗಿಯಿದೆಯೇ ಎಂದು ದಿನಕ್ಕೊಮ್ಮೆ ನೋಡಬಹುದು, ಅದೂ ಸೋಪಿನಲ್ಲಿ ಕೈ ತೊಳೆದು. ಹನ್ನೆರಡನೆಯದು ದಪ್ಪ ಅಕ್ಷರದಲ್ಲಿ: ಐದನೇ ದಿನಕ್ಕೆ ಊತ ಇಳಿಯದೆ ಏರಿದರೆ, ಜ್ವರ ಬಂದರೆ, ನುಂಗಲು ಉಸಿರಾಡಲು ಕಷ್ಟವಾದರೆ, ಕಡ್ಡಿಯನ್ನು ನೀವೇ ಕೀಳಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಈ ಹಾಳೆಗೆ ಒಂದು ಪದ್ಧತಿ ಬೆಳೆದಿತ್ತು. ತೊಂದರೆ ಅಂತ ಯಾರಾದರೂ ವಾಪಸು ಬಂದರೆ ಸೂಜಿಯಕ್ಕ ಹಾಳೆಯನ್ನು ಮುಂದಿಟ್ಟು, "ಯಾವ ಸಾಲು ಮುರಿದೆ? ಬೆರಳಿಡು" ಅನ್ನುತ್ತಿದ್ದಳು. ಇಡುತ್ತಿದ್ದರು. ಒಬ್ಬ ಸಿಗರೇಟಿನ ಮೇಲೆ, ಒಬ್ಬಳು ಮುತ್ತಿನ ಮೇಲೆ, ಒಬ್ಬ ಮಹಾನುಭಾವ ಒಂದೇ ಸಲಕ್ಕೆ ನಾಲ್ಕು ಬೆರಳು. ಹದಿನಾರು ವರ್ಷದಲ್ಲಿ ಬೆರಳಿಡದೆ ಹೋದವರು ಒಬ್ಬರೂ ಇರಲಿಲ್ಲ. ತಪ್ಪು ಯಾವಾಗಲೂ ಹಾಳೆಯ ಆ ಕಡೆಯವರದೇ ಅಂತ ಸೂಜಿಯಕ್ಕನಿಗೆ ಖಾತ್ರಿಯಾಗಿಬಿಟ್ಟಿತ್ತು. ಪದ್ಧತಿಯೊಂದು ಅಷ್ಟು ಚೆನ್ನಾಗಿ ನಡೆಯುತ್ತಿದ್ದರೆ ಒಂದು ಸಲವಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ.

ಎದುರಿನ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತನ್ನು ಮೈಕಿನಲ್ಲಿ ಕೂಗುವ ಹುಡುಗಿ ಒಂದು ಮಂಗಳವಾರ ಮೆಟ್ಟಿಲು ಹತ್ತಿ ಬಂದಳು. ಇಪ್ಪತ್ತನಾಲ್ಕು ವರ್ಷ. ಮುಖ ಯಾರಿಗೂ ಗೊತ್ತಿಲ್ಲ, ದನಿ ಮಾತ್ರ ಊರಿಗೆಲ್ಲ ಗೊತ್ತು. ಎರಡನೇ ಕಟ್ಟೆಯಿಂದ ಹೊರಡುವ ಬಸ್ಸನ್ನು ಅವಳು ಕೂಗಿದರೆ ಹತ್ತುವ ಮನಸ್ಸಿಲ್ಲದವನಿಗೂ ಹತ್ತೋಣ ಅನ್ನಿಸುತ್ತಿತ್ತು. ಹತ್ತು ದಿನ ರಜೆ ಹಾಕಿ ನಾಲಿಗೆ ಚುಚ್ಚಿಸಿಕೊಳ್ಳಲು ಬಂದಿದ್ದಳು.

"ಮಾತೇ ನಿನ್ನ ಕೆಲಸ. ಯೋಚನೆ ಮಾಡಿದ್ದೀಯ ತಾನೆ?" ಅಂದಳು ಸೂಜಿಯಕ್ಕ.

"ಎರಡು ವರ್ಷದಿಂದ ಮಾಡ್ತಿದ್ದೀನಿ ಅಕ್ಕಾ. ಊರಲ್ಲಿ ಎಲ್ಲಾರನ್ನೂ ವಿಚಾರಿಸಿದೆ. ನಿಮ್ಮಷ್ಟು ಕ್ಲೀನ್ ಯಾರೂ ಇಲ್ಲ ಅಂದ್ರು."

ಸೂಜಿಯಕ್ಕ ಉಬ್ಬಿಹೋದಳು. ಹಿಂದಿನ ಕೋಣೆಯ ಕಡೆ ತಿರುಗಿ, "ಕೇಳಿಸ್ತಾ ದೊಡ್ಡಕ್ಕಾ?" ಅಂತ ಕೂಗಿದಳು. ಒಳಗಿನಿಂದ ನಲ್ಲಿಯ ಸದ್ದು ಮಾತ್ರ ಬಂತು. ನಾಲಿಗೆಯ ಕೆಳಗಿನ ರಕ್ತನಾಳಗಳನ್ನು ದೀಪ ಹಿಡಿದು ನೋಡಿ, ಗುರುತು ಹಾಕಿ, ಇಕ್ಕಳದಲ್ಲಿ ಹಿಡಿದು, ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಕೆಲಸ ಮುಗಿಸಿದಳು. ಹುಡುಗಿಯ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ಬಂತು. ಹಾಳೆಯನ್ನು ಎರಡು ಸಲ ಓದಿ ಸಹಿ ಹಾಕಿ ಹೋದಳು.

ಐದನೇ ದಿನ ವಾಪಸು ಬಂದಳು. ನಾಲಿಗೆ ಬಾಯಿಯಲ್ಲಿ ಹಿಡಿಸದಷ್ಟು ದಪ್ಪವಾಗಿತ್ತು. ಗಲ್ಲದ ಕೆಳಗೆ ಕೆಂಪಗೆ ಗಟ್ಟಿ ಊತ, ಮೈ ಸುಡುವ ಜ್ವರ. ಸೂಜಿಯಕ್ಕ ಒಮ್ಮೆ ನೋಡಿದವಳೇ ಕೆಳಗಿನ ಕನ್ನಡಕದವನಿಗೆ ಆಟೋ ಕರೆಯಲು ಹೇಳಿದಳು. ಆಟೋ ಬರುವವರೆಗೆ ಸುಮ್ಮನಿರಬಹುದಿತ್ತು. ಸುಮ್ಮನಿರದೆ ಹಾಳೆ ತೆಗೆದು ಮುಂದಿಟ್ಟಳು.

"ಯಾವ ಸಾಲು ಮುರಿದೆ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ಸುಳ್ಳು ಹೇಳಬೇಡ. ಡಾಕ್ಟರಿಗೆ ಗೊತ್ತಾಗಬೇಕು. ಏನ್ ಮಾಡಿದೆ?"

ಮತ್ತೆ ತಲೆಯಾಡಿಸಿದಳು. ಆಗ ಹಿಂದಿನ ಕೋಣೆಯ ಬಾಗಿಲಲ್ಲಿ ದೊಡ್ಡಕ್ಕ ಬಂದು ನಿಂತಳು. ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ನಾನೇ ನೋಡಿದೆನಲ್ಲ. ಮೊನ್ನೆ ನಿಲ್ದಾಣದ ಬೆಂಚಿನ ಮೇಲೆ ಕೂತು ಬಾಯೊಳಗೆ ಬೆರಳು ಹಾಕಿ ಆಡಿಸ್ತಾ ಇದ್ದಳು. ಬಸ್ಸಿನ ಕಂಬಿ ಹಿಡಿದ ಕೈ" ಅಂದಳು.

ಸೂಜಿಯಕ್ಕನ ಸಿಟ್ಟು ನೆತ್ತಿಗೇರಿತು. ಓದು ಬರಹ ಬಂದವಳು ಹೀಗೆ ಮಾಡಬಹುದಾ, ನಿನ್ನ ದನಿ ಹೋದರೆ ಯಾರು ತಂದುಕೊಡ್ತಾರೆ, ನನ್ನ ಹೆಸರಿಗೆ ಮಸಿ ಬಳೀತೀಯಾ ಅಂತ ಬಾಯಿಗೆ ಬಂದದ್ದೆಲ್ಲ ಅಂದಳು. "ಬೆರಳಿಡು" ಅಂದಳು. ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. ಆಟೋ ಹಾರ್ನ್ ಹೊಡೆಯಿತು. ಅವಳು ಏಳನೇ ಸಾಲಿನ ಮೇಲೆ ಬೆರಳಿಟ್ಟಳು.

ಆಸ್ಪತ್ರೆಯಲ್ಲಿ ಕಡ್ಡಿ ತೆಗೆದರು, ಗಲ್ಲದ ಕೆಳಗೆ ಕೊಯ್ದು ಕೀವು ಹರಿಸಿದರು, ಉಸಿರು ಕಟ್ಟದಿರಲೆಂದು ಎರಡು ದಿನ ಗಂಟಲಿಗೆ ನಳಿಗೆ ಹಾಕಿಟ್ಟರು. ಪ್ರಾಣಕ್ಕೆ ಅಪಾಯವಿಲ್ಲ ಅಂದರು. ಮಾತು ಮೊದಲಿನಂತೆ ತಿಳಿಯಾಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಅಂದರು. ದನಿಯನ್ನೇ ನಂಬಿ ಬದುಕುವವಳಿಗೆ ಇದಕ್ಕಿಂತ ಕೆಟ್ಟ ಮಾತು ಇನ್ನೇನಿದೆ! ಅವಳು ಆಸ್ಪತ್ರೆ ಸೇರಿದ ಆರನೇ ದಿನ ಡಾಕ್ಟರು ಅಂಗಡಿಗೆ ಫೋನು ಮಾಡಿ ವಿನಯದಿಂದಲೇ ಕೇಳಿದರು. ಸೋಂಕು ಸಲಕರಣೆಯಿಂದ ಬಂತೋ, ಬಾಯಿಯಿಂದಲೇ ಬಂತೋ ಖಚಿತವಾಗಿ ಹೇಳುವುದು ಕಷ್ಟ. ಆದರೂ ಅವತ್ತಿನ ಪರೀಕ್ಷೆ ಚೀಟಿಯ ದಾಖಲೆ ಇದ್ದರೆ ಕಡತಕ್ಕೆ ಸೇರಿಸುತ್ತೇವೆ.

"ಇದೆ ಡಾಕ್ಟ್ರೇ. ನಮ್ಮಲ್ಲಿ ಹದಿನಾರು ವರ್ಷದ್ದೂ ಇದೆ" ಅಂದಳು ಸೂಜಿಯಕ್ಕ. ಹೇಳುವಾಗ ಎದೆ ಉಬ್ಬಿತ್ತು.

ದೊಡ್ಡಕ್ಕ ಇನ್ನೂ ಬಂದಿರಲಿಲ್ಲ. ಸೂಜಿಯಕ್ಕ ಹಿಂದಿನ ಕೋಣೆಗೆ ಹೋಗಿ ಪುಸ್ತಕ ತೆಗೆದಳು. ಆ ಮಂಗಳವಾರದ ಹಿಂದಿನ ಸಂಜೆ ಮೆಷೀನಿಗೆ ಹಾಕಿದ್ದರ ಚೀಟಿ ಅಲ್ಲೇ ಇತ್ತು, ಗೀಟು ಕೊನೆಯ ಚೌಕದವರೆಗೂ ಕಪ್ಪಗೆ. ಫೋಟೋ ತೆಗೆಯಲೆಂದು ಹಾಳೆಯನ್ನು ಬೆಳಕಿಗೆ ಹಿಡಿದಾಗ ಚೀಟಿಯ ಒಂದು ತುದಿ ಮೇಲೆದ್ದಿತು. ಒತ್ತಿ ಕೂರಿಸಲು ಹೋದಳು. ಚೀಟಿಯ ಬೆನ್ನಿಗೆ ಹಳದಿ ಕಾಗದದ ತೆಳ್ಳನೆ ಪದರ ಅಂಟಿಕೊಂಡಿತ್ತು.

ಈ ಪುಸ್ತಕದ ಹಾಳೆ ಬಿಳಿ. ಹಳದಿ ಹಾಳೆಯದು ಎರಡು ವರ್ಷದ ಹಿಂದಿನ ಪುಸ್ತಕ.

ಕಪಾಟಿನ ತಳದಿಂದ ಹಳೆಯದನ್ನು ಎಳೆದು ತೆರೆದಳು. ಕೆಲವು ತಾರೀಖುಗಳ ಪಕ್ಕ ಚೀಟಿಗಳಿರಲಿಲ್ಲ. ಅಲ್ಲಲ್ಲಿ ಚೌಕಾಕಾರಕ್ಕೆ ಸಿಪ್ಪೆ ಎದ್ದ ಜಾಗ. ಎಣಿಸಿದಳು. ಹನ್ನೊಂದು. ಹೊಸ ಪುಸ್ತಕದಲ್ಲಿ ಐದು ವಾರದಿಂದೀಚೆಗಿನ ಒಂದೊಂದೇ ಚೀಟಿಯ ತುದಿ ಎಬ್ಬಿಸಿ ನೋಡಿದಳು. ಹಳದಿ ಬೆನ್ನಿನವು ಹನ್ನೊಂದು. ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಯಾರೋ ಕಳ್ಳರು ಮಾಡಿದ್ದರೆ, ಶತ್ರು ಮಾಡಿದ್ದರೆ ಕೂಗಾಡಬಹುದಿತ್ತು. ಈ ಕಪಾಟಿನ ಕೀಲಿ ಇದ್ದದ್ದು ಇಬ್ಬರ ಹತ್ತಿರ.

ದೊಡ್ಡಕ್ಕ ಬಂದಳು, ಡಬ್ಬಿ ಇಟ್ಟಳು, ಏಪ್ರನ್ ಕಟ್ಟಿಕೊಂಡಳು. ಆಮೇಲೆ ಮೇಜಿನ ಮೇಲೆ ತೆರೆದಿದ್ದ ಎರಡು ಪುಸ್ತಕ ನೋಡಿದಳು. ಏಪ್ರನ್ನಿನ ಗಂಟನ್ನು ಬಿಚ್ಚಲಿಲ್ಲ, ಪೂರ್ತಿ ಬಿಗಿಯಲೂ ಇಲ್ಲ.

"ಡಾಕ್ಟರಿಗೆ ಚೀಟಿಯ ಫೋಟೋ ಕಳಿಸಬೇಕಿತ್ತು. ಇದೇನು?" ಅಂದಳು ಸೂಜಿಯಕ್ಕ.

"ಏನೂ ಆಗಿಲ್ಲ ಕಣೇ. ಮೆಷೀನು ಚೆನ್ನಾಗೇ ಇದೆ."

"ಮತ್ತೆ ಚೀಟಿ ಯಾಕೆ ಕಪ್ಪಾಗಲಿಲ್ಲ?"

ದೊಡ್ಡಕ್ಕ ಹೇಳಿದಳು. ಅವಳ ಮಗಳು ಆಚೆ ಬೀದಿಯಲ್ಲಿ ಉಗುರಿಗೆ ಬಣ್ಣ ಹಚ್ಚುವ ಪಾರ್ಲರು ತೆರೆದಿದ್ದಳು. ಈಚೆಗೆ ಅಲ್ಲಿ ಕಿವಿ, ಹೊಕ್ಕಳು, ತುಟಿ ಚುಚ್ಚುವುದನ್ನೂ ಶುರು ಮಾಡಿದ್ದಳು. ಮೆಷೀನು ಇರಲಿಲ್ಲ. ಅಲ್ಲಿಯ ಇಕ್ಕಳ, ಕಡ್ಡಿಗಳನ್ನೆಲ್ಲ ದೊಡ್ಡಕ್ಕ ಊಟದ ಚೀಲದ ಅಡಿಯಲ್ಲಿಟ್ಟುಕೊಂಡು ಇಲ್ಲಿಗೆ ತರುತ್ತಿದ್ದಳು. ಸಂಜೆ ಸೂಜಿಯಕ್ಕ ಹೊರಟ ಮೇಲೆ ಎರಡು ಅಂಗಡಿಯ ಪೊಟ್ಟಣಗಳನ್ನೂ ಒಂದೇ ತಟ್ಟೆಗೆ ಹೇರುತ್ತಿದ್ದಳು. ಒಂದರ ಮೇಲೊಂದು. ಉಗಿಗೆ ಜಾಗ ಸಿಗದ ದಿನ ನಡುವಿನ ಚೀಟಿ ಬೆಳ್ಳಗೇ ಉಳಿಯುತ್ತಿತ್ತು. ಪೊಟ್ಟಣದ ಹೊರಗಿನ ಗುರುತು ಮಾತ್ರ ಬಿಸಿ ತಾಗಿ ಬಣ್ಣ ಬದಲಿಸಿರುತ್ತಿತ್ತು. ಸೂಜಿಯಕ್ಕ ನೋಡುತ್ತಿದ್ದದ್ದು ಆ ಹೊರಗಿನ ಗುರುತು.

"ಅವಳು ಬಿಸಿನೀರಲ್ಲಿ ಅದ್ದಿ ಚುಚ್ಚುತ್ತಿದ್ದಳು. ನೋಡ್ಕೊಂಡು ಸುಮ್ಮನಿರಲಾ? ಮಗಳು ಕಣೇ."

"ನನ್ನ ಕೇಳಿದ್ದರೆ ದಿನಾ ಎರಡು ಸಲ ಹಾಕಬಹುದಿತ್ತು."

"ಕೇಳಿದ್ದರೆ ಒಪ್ತಿದ್ದೆಯಾ? ಅವಳು ಇಲ್ಲಿ ಕಲಿಯೋಕೆ ಬಂದಾಗ ಆರೇ ವಾರಕ್ಕೆ, ಇವಳಿಗೆ ಕೈ ಕೂರಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದವಳು ನೀನು."

ಅದು ನಿಜ. ಆ ಮಾತಿನ ಗಾಯ ಇಷ್ಟು ವರ್ಷ ದೊಡ್ಡಕ್ಕನೊಳಗೆ ಮಾಗದೆ ಇತ್ತೆಂದು ಸೂಜಿಯಕ್ಕನಿಗೆ ಗೊತ್ತೇ ಇರಲಿಲ್ಲ. ಆದರೆ ಅವಳಿಗೆ ಈಗ ಬೇಕಾದದ್ದು ಬೇರೆ.

"ಆ ಹುಡುಗಿ ಬಾಯೊಳಗೆ ಬೆರಳು ಹಾಕಿದ್ದನ್ನ ನೋಡಿದೆ ಅಂದೆಯಲ್ಲ. ನೋಡಿದ್ದೆಯಾ?"

ದೊಡ್ಡಕ್ಕ ಕಿಟಕಿಯ ಕಡೆ ತಿರುಗಿದಳು.

"ದೊಡ್ಡಕ್ಕಾ, ನೋಡಿದ್ದೆಯಾ?"

"ಎಲ್ಲಾರೂ ಹಾಕ್ತಾರೆ. ಅವಳೂ ಹಾಕಿರ್ತಾಳೆ ಅಂದುಕೊಂಡೆ."

ಸೂಜಿಯಕ್ಕನಿಗೆ ಚೀಟಿ ಕಿತ್ತದ್ದಕ್ಕಿಂತ, ಮೆಷೀನು ತುಂಬಿದ್ದಕ್ಕಿಂತ ಈ ಮಾತು ಹೆಚ್ಚು ನೋಯಿಸಿತು. ಜ್ವರದಲ್ಲಿ ನಡುಗುತ್ತಾ ನಿಂತ ಒಂದು ಜೀವದ ಮೇಲೆ ಸುಳ್ಳು ಹೊರಿಸಿ, ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತವಳು ಇವಳು. ತಾನು ಅಷ್ಟೆಲ್ಲ ಬೈಯುವಾಗ ಬಾಯಿಬಿಡದೆ ಕೇಳಿಸಿಕೊಂಡವಳು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ, ಮತ್ತೆ ಕತ್ತೂ ತನ್ನದಲ್ಲ, ಪಾಪದ ಯಾರದೋ.

ದೊಡ್ಡಕ್ಕ ದನಿ ತಗ್ಗಿಸಿದಳು. "ಹೀಗೇ ಬಂತು ಅಂತ ಹೇಳಕ್ಕಾಗಲ್ಲ ಅಂತ ಡಾಕ್ಟರೇ ಅಂದಿರಬೇಕಲ್ಲ? ಆಸ್ಪತ್ರೆಯವರೆಲ್ಲ ಹಾಗೇ ಅನ್ನೋದು, ನಂಗೆ ಗೊತ್ತು. ಅವಳೂ ಬೆರಳಿಟ್ಟು ಒಪ್ಪಿಕೊಂಡಿದ್ದಾಳೆ. ಫೋಟೋ ಕಳಿಸಿಬಿಡು. ಇವತ್ತಿಂದ ಮಗಳ ಸಾಮಾನು ತರಲ್ಲ, ಆಣೆ. ಹದಿನಾರು ವರ್ಷ ಕಣೇ, ಒಂದು ಪುಸ್ತಕಕ್ಕೋಸ್ಕರ ಹಾಳು ಮಾಡ್ಕೋಬೇಡ."

ಕಳಿಸಿದ್ದರೆ ನಿಜವಾಗಿಯೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೂಜಿಯಕ್ಕ ಅದನ್ನು ಯೋಚಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಫೋನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತಿದ್ದಳು. ಅಂಗಡಿ ಮುಚ್ಚಬೇಕಾಗುತ್ತದೆ, ಬೀದಿಯಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ, ಐವತ್ತರ ಹತ್ತಿರ ಬಂದವಳಿಗೆ ಬೇರೆ ಕಸುಬು ಯಾರು ಕೊಡುತ್ತಾರೆ. ಎಲ್ಲವೂ ಕಣ್ಣ ಮುಂದೆ ಬಂತು. ಆಮೇಲೆ ಅವಳು ಎದ್ದು ಕೈ ಚಾಚಿದಳು.

"ಕೀಲಿ ಕೊಡಿ. ನೀವು ಇನ್ನು ಬರಬೇಡಿ."

ಹದಿನಾರು ವರ್ಷದಲ್ಲಿ ಮೊದಲ ಸಲ ‘ನೀವು’ ಅಂದಿದ್ದಳು. ದೊಡ್ಡಕ್ಕನಿಗೆ ಅದು ತಾಗಿತು. ಕೀಲಿ ತೆಗೆದು ಮೇಜಿನ ಮೇಲಿಟ್ಟಳು. "ನಿನಗೆ ಆಪರೇಷನ್ ಆದಾಗ..." ಅಂತ ಶುರು ಮಾಡಿದಳು.

"ಅದನ್ನ ಎತ್ತಬೇಡಿ" ಅಂದಳು ಸೂಜಿಯಕ್ಕ. "ಅದನ್ನೂ ಹಾಳು ಮಾಡಬೇಡಿ. ನಿಮ್ಮ ಮಗಳಲ್ಲಿ ಚುಚ್ಚಿಸಿಕೊಂಡವರಿಗೆಲ್ಲ ಇವತ್ತೇ ಹೇಳಿಸಿ. ನಾಳೆ ಆರೋಗ್ಯ ಕಚೇರಿಗೆ ಹೋಗಿ ನಾನೇ ಎರಡು ಅಂಗಡಿ ವಿಷಯನೂ ಬರೆದುಕೊಡ್ತೀನಿ."

ದೊಡ್ಡಕ್ಕ ಇಳಿದುಹೋದಳು. ಇಳಿಯುವಾಗ ಮೊಣಕಾಲು ನೋವಿಗೆ ಪ್ರತಿ ಮೆಟ್ಟಿಲಿಗೂ ಒಂದು ಸಲ ನಿಲ್ಲುವುದು ಅವಳ ಅಭ್ಯಾಸ. ಸೂಜಿಯಕ್ಕ ಆ ಸದ್ದು ಮುಗಿಯುವವರೆಗೂ ಕಾದಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಸತ್ತವರಿಗಾಗಿ ಅತ್ತರೆ ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ. ಇದಕ್ಕೆ ಯಾರು ಬರುತ್ತಾರೆ?

ಅತ್ತು ಮುಗಿಸಿ ಮುಖ ತೊಳೆದು ಪಟ್ಟಿ ಮಾಡಿದಳು. ಆ ಹನ್ನೊಂದು ಸಂಜೆಯ ಪೊಟ್ಟಣಗಳಿಂದ ಚುಚ್ಚಿಸಿಕೊಂಡವರು ಹದಿನಾಲ್ಕು ಜನ. ಕಷ್ಟದ್ದನ್ನು ಕೊನೆಗೆ ಇಟ್ಟುಕೊಂಡು ಉಳಿದ ಹದಿಮೂರು ಮಂದಿಗೆ ಫೋನು ಹಚ್ಚಿದಳು. ನಮ್ಮ ಸಲಕರಣೆ ಸರಿಯಾಗಿ ಶುದ್ಧವಾಗಿರಲಿಲ್ಲ, ತಪ್ಪು ನಮ್ಮದು, ಊತ ಜ್ವರ ಇದ್ದರೆ ಈಗಲೇ ಡಾಕ್ಟರನ್ನು ನೋಡಿ. ಇಲ್ಲದಿದ್ದರೂ ರಕ್ತ ಪರೀಕ್ಷೆ ಮಾಡಿಸಿ, ಕೆಲವು ಕಾಯಿಲೆ ಮೊದಲ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಮತ್ತೆ ಯಾವಾಗ ಮಾಡಿಸಬೇಕೆಂದು ಅವರನ್ನೇ ಕೇಳಿ. ಒಬ್ಬ ಕೇಳಬಾರದ ಬೈಗುಳ ಬೈದ. ಒಬ್ಬಳು ಅಳತೊಡಗಿದಳು. ಗ್ಯಾರೇಜಿನವನೊಬ್ಬ ಮಾತ್ರ ಎಲ್ಲ ಕೇಳಿ, "ಅಂದ್ರೆ ನಾನು ಸಿಗರೇಟು ಸೇದಿದ್ದು ತೊಂದರೆ ಇಲ್ಲ ಅಂತಾಯ್ತಲ್ಲ?" ಅಂದ. ಸೂಜಿಯಕ್ಕ ಅವನಿಗೂ ಉಗಿದು, ಆಸ್ಪತ್ರೆಯ ವಿಳಾಸ ಕೊಟ್ಟಳು.

ಸಂಜೆ ನಾಲ್ಕಕ್ಕೆ, ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಸರಿಯಾಗಿ, ಎರಡೂ ಪುಸ್ತಕಗಳನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಮೊದಲು ಡಾಕ್ಟರ ಮೇಜಿನ ಮೇಲೆ ಅವನ್ನು ಇಟ್ಟು ಇದ್ದದ್ದು ಇದ್ದ ಹಾಗೆ ಹೇಳಿದಳು. ಆಮೇಲೆ ಮೂರನೇ ಮಹಡಿಗೆ ಹತ್ತಿದಳು.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಗಲ್ಲದ ಕೆಳಗೆ ಬ್ಯಾಂಡೇಜು. ಇನ್ನೂ ಮಾತಾಡುವಂತಿರಲಿಲ್ಲ, ಹೇಳಬೇಕಾದದ್ದನ್ನು ಫೋನಿನಲ್ಲಿ ಟೈಪು ಮಾಡಿ ತೋರಿಸುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ, ಹೊಲಿಗೆಯವಳು, ಬೆರಳಿಗೆ ಸುತ್ತಿದ ಅಳತೆ ಪಟ್ಟಿಯನ್ನು ಬಿಚ್ಚುತ್ತಾ ಸುತ್ತುತ್ತಾ ಕೂತಿದ್ದಳು. ಸೂಜಿಯಕ್ಕನನ್ನು ಕಂಡದ್ದೇ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು.

"ಕೂತ್ಕೊಳ್ಳಿ ಅಕ್ಕಾ. ನೀವು ಆವತ್ತು ಆಟೋ ಹತ್ತಿಸದೆ ಇದ್ದಿದ್ದರೆ ಇವಳು ನನ್ನ ಕೈಗೆ ಸಿಗ್ತಿರಲಿಲ್ಲ. ಇವಳು ಬೆರಳು ಹಾಕಿದಳು ಅಂತ ನೀವು ಫೋನಲ್ಲಿ ಹೇಳಿದಾಗಿಂದ, ಆರು ದಿನದಿಂದ, ಇವಳಿಗೆ ಅದನ್ನೇ ಹೇಳ್ತಿದ್ದೀನಿ. ಅಷ್ಟು ದೊಡ್ಡವರು ಬರೆದುಕೊಟ್ಟಿದ್ದನ್ನ ಪಾಲಿಸಕ್ಕೆ ಆಗಲಿಲ್ವಲ್ಲ ಅಂತ. ಚಿಕ್ಕಂದಿನಿಂದಲೂ ಇವಳ ಕೈ ಸುಮ್ಮನಿರಲ್ಲ. ಆಫೀಸಿಗೂ ಹಾಗೇ ಬರೆಸಿದೀನಿ, ನನ್ನ ಅಜಾಗರೂಕತೆಯಿಂದ ಹೀಗಾಯ್ತು, ಕ್ಷಮಿಸಿ ಅಂತ. ಆ ಜಾಗಕ್ಕೆ ಬೇರೆಯವರನ್ನ ಹಾಕಿದಾರಂತೆ. ಇನ್ನೇನ್ ಮಾಡೋದು, ತಾನೇ ಮಾಡಿಕೊಂಡದ್ದು."

ಹುಡುಗಿ ಕಣ್ಣು ಮುಚ್ಚಿಕೊಂಡಳು. ಸೂಜಿಯಕ್ಕ ಕೂರಲಿಲ್ಲ.

"ಅಮ್ಮಾ, ಇವಳು ಏನೂ ಮಾಡಿಲ್ಲ" ಅಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಮೆಷೀನು ತುಂಬಿದ್ದು, ಚೀಟಿ ಕಿತ್ತು ಅಂಟಿಸಿದ್ದು, ಇವಳು ಇಲ್ಲವೆಂದು ತಲೆಯಾಡಿಸಿದರೂ ಬೆರಳಿಡಿಸಿದ್ದು. ಬೆಂಚಿನ ಮೇಲೆ ನೋಡಿದೆ ಅಂದದ್ದು ಸುಳ್ಳು. ಸೋಂಕು ಅದರಿಂದಲೇ ಬಂತೆಂದು ಡಾಕ್ಟರು ಬರೆದುಕೊಡಲಾರರು, ಆದರೆ ಕೊಳಕು ಸಲಕರಣೆಯಿಂದ ಚುಚ್ಚಿದ್ದು ನಾನು. ಆಫೀಸಿಗೆ ಬಂದು ನಾನೇ ಹೇಳುತ್ತೇನೆ, ಬರೆದುಕೊಡುತ್ತೇನೆ. ಹೇಳುತ್ತಾ ಹೇಳುತ್ತಾ ದೊಡ್ಡಕ್ಕ ಯಾರು, ಎಷ್ಟು ವರ್ಷದವಳು, ತನಗೆ ಏನಾಗಿದ್ದಳು ಅನ್ನುವುದನ್ನೂ ಹೇಳಿದಳು. ಅಷ್ಟು ಹೇಳಿದರೆ ತನ್ನ ಹೊಟ್ಟೆಯ ಸಂಕಟ ಇವರಿಗೂ ಅರ್ಥವಾಗಬಹುದು ಎಂಬ ಆಸೆ ಎಲ್ಲೋ ಇತ್ತು.

ತಾಯಿ ಅಳತೆ ಪಟ್ಟಿಯನ್ನು ಕೆಳಗಿಟ್ಟಳು.

"ಇವಳು ಇಲ್ಲ ಅಂತ ತಲೆ ಆಡಿಸಿದಳಲ್ಲ ಆವತ್ತು. ನೀವು ಯಾಕೆ ನಂಬಲಿಲ್ಲ?"

"ಹೇಳಿದವಳು ನನ್ನ ದೊಡ್ಡಕ್ಕ ಅಲ್ವಾ ಅಂತ... ಅವಳು ಸುಳ್ಳು ಹೇಳ್ತಾಳೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ ಅಮ್ಮಾ. ಅಷ್ಟು ನಂಬಿದ್ದೆ."

ಹುಡುಗಿ ಕಣ್ಣು ತೆರೆದು ಫೋನು ಎತ್ತಿಕೊಂಡಳು. ನಿಧಾನವಾಗಿ ಟೈಪು ಮಾಡಿದಳು, ಒಂದು ಸಲ ಅಳಿಸಿ ಮತ್ತೆ ಮಾಡಿದಳು. ಆಮೇಲೆ ಫೋನನ್ನು ಸೂಜಿಯಕ್ಕನ ಕಡೆ ಹಿಡಿದಳು. ಸೂಜಿಯಕ್ಕ ಓದಿದ ಮೇಲೆ ತಾಯಿಯ ಕಡೆಗೂ ತಿರುಗಿಸಿದಳು. ಅದರಲ್ಲಿ ಇದ್ದದ್ದು ಇಷ್ಟೇ:

"ಮುಟ್ಟಿಲ್ಲ ಅಂತ ಅಮ್ಮನಿಗೂ ಮೊದಲ ದಿನವೇ ಬರೆದು ತೋರಿಸಿದೆ. ಅಮ್ಮನೂ ನಿಮ್ಮನ್ನೇ ನಂಬಿದ್ದು."